ದೇವಿಗೆ ಬಿಟ್ಟ ಬಾಂಜ್

ಖಿಮುಲಿಗೆ ಹಠ ಜಾಸ್ತಿ ಅಂತ ಊರಿಗೆಲ್ಲ ಗೊತ್ತು. ಆ ಹಠದಿಂದಲೇ ಊರಿಗೆ ನೀರು ಬಂತು ಎನ್ನುವುದನ್ನೂ ಯಾರೂ ಇಲ್ಲವೆನ್ನುವುದಿಲ್ಲ. ಊರ ಮೇಲಿನ ಗುಡ್ಡದ ಬಾಂಜ್ ಮರದ ಕಾಡನ್ನು ಹೆಂಗಸರು ಎಮ್ಮೆಗಳ ಸೊಪ್ಪಿಗಾಗಿ ಸವರಿ ಸವರಿ ಬೋಳು ಮಾಡಿದ್ದರು. ವರ್ಷವಿಡೀ ಹಸಿರಾಗಿರುವ ಮರ, ಕಡಿದರೂ ಚಿಗುರುತ್ತದೆ ಬಿಡು ಎನ್ನುವ ಸದರ. ಮರ ಬೋಳಾದಂತೆ ಕೆಳಗಿನ ನೌಲಾದ ನೀರು ಇಳಿಯಿತು. ಕಲ್ಲು ಕಟ್ಟಿದ ಆ ಪುಟ್ಟ ಕೊಳದಲ್ಲಿ ಬಿಂದಿಗೆ ಮುಳುಗದೆ ಲೋಟದಲ್ಲಿ ಮೊಗೆಯುವ ಗತಿ ಬಂದಾಗ, ಕಾಡಿನ ಪಂಚಾಯಿತಿಯ ಯಜಮಾನಿಕೆ ಹೊತ್ತಿದ್ದ ಖಿಮುಲಿ, ಐದು ವರ್ಷ ಕಾಡನ್ನು ದೇವಿಗೆ ಬಿಟ್ಟುಬಿಡೋಣ ಎಂದಳು. ದೇವಿಗೆ ಬಿಟ್ಟ ಕಾಡಿಗೆ ಕುಡುಗೋಲು ಹಾಕುವಂತಿಲ್ಲ. ಹಾಕಿದವರ ಮನೆಗೆ ದೇವಿ ಲೆಕ್ಕ ಕೇಳಿಕೊಂಡು ಬರುತ್ತಾಳೆ.

ಗುಡಿಯಲ್ಲಿ ಅಕ್ಕಿಯ ಮೇಲೆ ಕೈಯಿಟ್ಟು ಒಬ್ಬೊಬ್ಬರೂ ಆಣೆ ಮಾಡಿದರು. ಉಳಿದವರು ದೇವಿಯ ಹೆಸರು ಹೇಳಿ ಕೈ ತೆಗೆದರೆ, ಜನಕ್ಕೆ ನಂಬಿಕೆ ಬರಲಿ ಅಂತ ಖಿಮುಲಿ ಮುಂದೆ ಹುಟ್ಟುವ ಮೊಮ್ಮಗುವಿನ ತಲೆಯ ಮೇಲೆ ಆಣೆಯಿಟ್ಟಳು. ಮಗನ ಮದುವೆಯಾಗಿ ಆಗಿನ್ನೂ ತಿಂಗಳಾಗಿರಲಿಲ್ಲ. ಇಲ್ಲದ ಮಗುವಿನ ಮೇಲೆ ಆಣೆ ಸಲೀಸಾಗಿಯೇ ಬಾಯಿಗೆ ಬಂತು. ಸೊಸೆ ಚಂಪಾ ಕುಂದನ್‌ನನ್ನು ಹೆತ್ತದ್ದು ಮರುವರ್ಷ.

ಎರಡೇ ಮಳೆಗಾಲಕ್ಕೆ ಬಾಂಜ್ ಮೈತುಂಬಿಕೊಂಡಿತು. ಉದುರಿದ ಎಲೆ ಕೊಳೆತು ಬುಡದಲ್ಲಿ ಹಾಸಿಗೆಯಾಯಿತು. ಜ್ಯೇಷ್ಠದ ಉರಿಬಿಸಿಲಲ್ಲೂ ಅದರೊಳಗೆ ಬೆರಳಿಟ್ಟರೆ ತಣ್ಣಗಿತ್ತು. ನೌಲಾದಲ್ಲಿ ಮತ್ತೆ ಬಿಂದಿಗೆ ಮುಳುಗಿತು. ಹೆಂಗಸರು ಸೊಪ್ಪಿಗೆ ಎರಡು ಗುಡ್ಡ ದಾಟಿ ಹೋಗುತ್ತ ಖಿಮುಲಿಯನ್ನು ಬೈದುಕೊಂಡರೂ, ನೀರಿಗೆ ಬಂದಾಗ ಬಾಯಿ ಮುಚ್ಚುತ್ತಿದ್ದರು.

ಹರುಲಿ ಒಬ್ಬಳು ಮಾತ್ರ ಮುಚ್ಚಲಿಲ್ಲ. ಎರಡು ಎಮ್ಮೆ ಕಟ್ಟಿಕೊಂಡು ಮೂರು ಮಕ್ಕಳನ್ನು ಸಾಕುವ ವಿಧವೆ, ನಾಲಗೆ ಚುರುಕು. ಕಾಡಿನ ಅಂಚಿಗೆ ಚೀಡ್ ಮರಗಳು ನುಗ್ಗಿ ಬಂದಿದ್ದವು. ಅವುಗಳ ಒಣ ಸೂಜಿಯೆಲೆ ಗುಡ್ಡೆ ಬೀಳುತ್ತಿತ್ತು. ಹಿಂದೆಲ್ಲ ಹೆಂಗಸರು ಅದನ್ನು ಗುಡಿಸಿ ಕೊಟ್ಟಿಗೆಗೆ ಒಯ್ಯುತ್ತಿದ್ದರು. ಈಗ ಅದೂ ಬಂದ್.

"ಅಕ್ಕಾ, ಈ ಕಸ ತಗೊಂಡು ದೇವಿ ಏನ್ ಮಾಡ್ತಾಳೆ? ಅವಳಿಗೂ ಎಮ್ಮೆ ಇದಾವಾ?" ಎಂದು ಹರುಲಿ ಸಭೆಯಲ್ಲೇ ಕೇಳಿದಳು.

"ಕೊಟ್ಟಿದ್ದು ಕೊಟ್ಟಾಯ್ತು. ಇವತ್ತು ಕಸ ಅಂತೀಯ, ನಾಳೆ ಸೊಪ್ಪು ಅಂತೀಯ" ಎಂದಳು ಖಿಮುಲಿ. ಸಭೆ ನಕ್ಕಿತು. ಕಸ ಅಲ್ಲೇ ಬಿತ್ತು.

ಮೂರನೆಯ ಬೇಸಿಗೆ, ಮಟಮಟ ಮಧ್ಯಾಹ್ನ, ಕೆಳಗಿನ ಚೀಡ್ ಇಳಿಜಾರಿಗೆ ಬೆಂಕಿ ಬಿತ್ತು. ಯಾರ ಬೀಡಿಯೋ ಏನೋ. ಗಂಡಸರು ಕೂಲಿಗೆಂದು ಬಯಲುಸೀಮೆಗೆ ಇಳಿದಿದ್ದರು. ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದರು. ಚಂಪಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಳು. ಬರಿಯ ಬಾಂಜ್ ಆಗಿದ್ದರೆ ಬೆಂಕಿ ಅಷ್ಟು ಸುಲಭವಾಗಿ ಒಳಗೆ ಬರುತ್ತಿರಲಿಲ್ಲ, ಅದರ ನೆಲ ಒದ್ದೆ. ಆದರೆ ಅಂಚಿನಲ್ಲಿ ಮೂರು ವರ್ಷದ ಸೂಜಿಯೆಲೆ ಮೊಣಕಾಲೆತ್ತರ ಬಿದ್ದಿತ್ತು. ಬೆಂಕಿ ಅದನ್ನು ಹಿಡಿದು ಮೇಲೇರುತ್ತಿತ್ತು. ಹರುಲಿ ಆ ಸೂಜಿಯೆಲೆಯತ್ತ ನೋಡಿ, ಆಮೇಲೆ ಖಿಮುಲಿಯತ್ತ ನೋಡಿದಳು. ಬೈದುಬಿಟ್ಟಿದ್ದರೆ ಖಿಮುಲಿಗೆ ಇಷ್ಟು ಉರಿಯುತ್ತಿರಲಿಲ್ಲ.

ಕಾಡಿನ ಬೆಂಕಿಯನ್ನು ಅಲ್ಲಿ ಬಡಿದು ಆರಿಸುವುದು ಬಾಂಜ್‌ನ ಹಸಿ ಕೊಂಬೆಯಿಂದಲೇ. ಅಜ್ಜಿಯರ ಕಾಲದಿಂದ ಹಾಗೇ. ಎಲ್ಲರ ಸೊಂಟದಲ್ಲೂ ಕುಡುಗೋಲಿತ್ತು, ತಲೆಯ ಮೇಲೇ ಕೊಂಬೆಗಳಿದ್ದವು. ಯಾರ ಕೈಯೂ ಮೇಲೇಳಲಿಲ್ಲ. ಖಿಮುಲಿ ಹೊದ್ದಿದ್ದ ಶಾಲು ತೆಗೆದು ಬಡಿದಳು. ಶಾಲಿಗೇ ಬೆಂಕಿ ಹತ್ತಿತು.

"ಅಕ್ಕಾ, ಬಾಯಿಬಿಟ್ಟು ಹೇಳು. ಕಡಿಯೋದಾ, ನೋಡ್ತಾ ನಿಂತ್ಕೊಳ್ಳೋದಾ?" ಎಂದಳು ಹರುಲಿ. ಅವಳೂ ಕುಡುಗೋಲನ್ನು ಸೊಂಟದಿಂದ ಎಳೆಯಲಿಲ್ಲ. ಅವಳಿಗೂ ಮಕ್ಕಳಿದ್ದಾರಲ್ಲ.

ಖಿಮುಲಿ ಸೊಸೆಯ ಕಡೆ ನೋಡಿದಳು.

"ಬೇಡ ಅತ್ತೆ" ಎಂದಳು ಚಂಪಾ. "ಬೇರೆ ಯಾರಾದ್ರೂ ಕಡೀಲಿ. ನೀವು ಬೇಡ."

ಬೇರೆ ಯಾರೂ ಕಡಿಯುವುದಿಲ್ಲ ಎಂದು ಖಿಮುಲಿಗೆ ಗೊತ್ತಿತ್ತು. ದೇವಿಯ ಭಯವನ್ನು ಮನೆಮನೆಗೆ ಹೋಗಿ ತಲೆಗೆ ತುಂಬಿದವಳು ತಾನೇ. ಈ ಕಾಡು ಹೋದರೆ ನೌಲಾ ಹೋಗುತ್ತದೆ, ನೌಲಾ ಹೋದರೆ ಈ ಊರಲ್ಲಿ ಕುಂದನ್ ಕುಡಿಯುವುದಾದರೂ ಏನನ್ನು? ಹೀಗೆಲ್ಲ ತನಗೆ ತಾನೇ ಹೇಳಿಕೊಂಡಳು. ಆದರೂ ಮಗುವಿನ ಕಡೆ ನೋಡಲಾಗಲಿಲ್ಲ. ಅತ್ತ ಬೆನ್ನು ಮಾಡಿ ಕುಡುಗೋಲು ಬೀಸಿದಳು. ಕೊಂಬೆ ಬಿತ್ತು. ಅದು ಬಿದ್ದದ್ದೇ ತಡ, ಎಲ್ಲರ ಕುಡುಗೋಲುಗಳೂ ಎದ್ದವು.

ಬೆಂಕಿ ಆರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅಂಚಿನ ಮರಗಳು ಸುಟ್ಟಿದ್ದವು, ಮೇಲಿನ ಕಾಡು ಉಳಿದಿತ್ತು. ಹೆಂಗಸರು ನೌಲಾಕ್ಕೆ ಇಳಿದು ಮಸಿಹಿಡಿದ ಮುಖ ತೊಳೆದರು. ನೀನಿಲ್ಲದಿದ್ದರೆ ಏನು ಗತಿ ಎಂದು ಒಬ್ಬಿಬ್ಬರು ಖಿಮುಲಿಯನ್ನು ಹೊಗಳಿದರು. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮಗುವಿಗೆ ಕೈ ಚಾಚಿದಳು. ಕುಂದನ್ ನಕ್ಕು ಮುಂದೆ ಬಾಗಿದ. ಚಂಪಾ ಒಂದು ಹೆಜ್ಜೆ ಹಿಂದೆ ಸರಿದಳು.

"ಆಣೆಯ ಗಡುವು ಮುಗೀಲಿ ಅತ್ತೆ. ಅಲ್ಲೀವರೆಗೂ ಇವನನ್ನ ಮುಟ್ಟಬೇಡಿ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಬಹುದಿತ್ತು. ಇದೆಲ್ಲ ಸುಳ್ಳು ಕಣೆ, ಮರ ಉಳೀಲಿ ಅಂತ ಹೇಳಿದ್ದು, ದೇವಿ ಮಗುವಿನ ಮೇಲೆ ಸೇಡು ತೀರಿಸ್ಕೋತಾಳಾ ಎನ್ನಬೇಕೆಂದು ಖಿಮುಲಿ ಬಾಯಿ ತೆರೆದಳು.

ಅಷ್ಟರಲ್ಲಿ ಮಗು ಹೊಗೆಗೆ ಕೆಮ್ಮಿತು. ನೀರು ಮೊಗೆಯುತ್ತಿದ್ದ ಕೈಗಳೆಲ್ಲ ನಿಂತವು. ಖಿಮುಲಿ ಚಾಚಿದ್ದ ಕೈಗಳನ್ನು ತಟ್ಟನೆ ಹಿಂದಕ್ಕೆಳೆದುಕೊಂಡು ಸೆರಗಿನೊಳಗೆ ಬಚ್ಚಿಟ್ಟಳು.