ದೊಡ್ಡಬಲೆಯ ಫೋನ್ ನಂಬರ್

ಬೀಜಾಡಿಯ ಕೈರಂಪಣಿ ತಂಡಕ್ಕೆ ಒಂದು ವೆಬ್‌ಸೈಟ್ ಇತ್ತು. ದಡದಿಂದ ಬಲೆ ಎಳೆದ ದಿನ ಯಾವ ಮೀನು ಬಿತ್ತು ಎಂದು ಅದರಲ್ಲಿ ಬರುತ್ತಿತ್ತು. ಕೋಟೇಶ್ವರದವರು ಅದನ್ನು ನೋಡಿಕೊಂಡು ಚೀಲ ಹಿಡಿದು ಬರುತ್ತಿದ್ದರು. ಈಗ ತಂಡದವರು ಬೇರೊಂದು ಆ್ಯಪ್ ಹಾಕಿಸಿಕೊಂಡಿದ್ದರು. ಸದಸ್ಯರಿಗೆ ಸುದ್ದಿ ಮುಟ್ಟಿಸುವುದು, ಪಾಲು ಹಂಚಿ ತೋರಿಸುವುದು ಅದರ ಕೆಲಸ. ಎರಡನ್ನೂ ಜೋಡಿಸಲು ಒಪ್ಪಿಕೊಂಡವಳು ಕೋಟೇಶ್ವರದ ಕಂಪ್ಯೂಟರ್ ಅಂಗಡಿಯ ಅಮಿತಾ. ಜೋಡಿಸಿದ ಮೇಲೆ ಸೈಟಿನ ಸದಸ್ಯರ ಪುಟಕ್ಕೆ ಹೆಸರುಗಳು ಆ್ಯಪ್‌ನಿಂದಲೇ ಬರಬೇಕು.

ಎಲ್ಲರೂ ಬಂದರು, ಒಬ್ಬರ ಹೊರತು. ಹಳೆಯ ಪುಟದಲ್ಲಿ ಮುಂದಾಳು ಚಂದ್ರಣ್ಣನ ಕೆಳಗೇ ಆ ಹೆಸರಿತ್ತು: ದೊಡ್ಡಬಲೆ. ಫೋಟೋ ಇಲ್ಲ, ಫೋನ್ ನಂಬರ್ ಇಲ್ಲ. ಅಡ್ಡಹೆಸರೋ, ಮನೆಹೆಸರೋ? ತಂಡ ಬಿಟ್ಟವರೋ, ತೀರಿಕೊಂಡವರೋ? ಅಳಿಸಿ ಮುಂದೆ ಹೋಗಲು ಅವಳಿಗೆ ಮನಸ್ಸು ಬರಲಿಲ್ಲ. ಮರುದಿನ ಬೆಳಿಗ್ಗೆ ಕಡಲಬದಿಗೇ ಬಂದಳು.

“ಚಂದ್ರಣ್ಣ, ಒಬ್ರದ್ದ್ ನಂಬರ್ ಇಲ್ಲೆ.”

“ಯಾರ್ದ್ ಮಾರಾಯ್ತಿ?”

“ದೊಡ್ಡಬಲೆ ಅಂಬವ್ರದ್ದ್.”

ಚಂದ್ರಣ್ಣ ನಕ್ಕು ಮರಳಿನ ಕಡೆ ಕೈ ತೋರಿಸಿದ. “ಅಗಾ, ಅಲ್ಲಿ ಬಿದ್ಕಂಡಿತ್. ನೀನೇ ಕೇಳ್.”

ಅಲ್ಲಿ ಹಾಸಿದ್ದು ಬಲೆ. ಅದರ ನಡುವೆ ಕಾಲು ಚಾಚಿ ಕೂತು ಶೇಖರಣ್ಣ ಹರುಕು ಹೆಣೆಯುತ್ತಿದ್ದ. ಮೊಣಕಾಲ ಗಂಟು ಕೆಟ್ಟ ಮೇಲೆ ಅವನು ನೀರಿಗಿಳಿದವನಲ್ಲ, ಹಗ್ಗ ಹಿಡಿದವನೂ ಅಲ್ಲ.

“ಬಲೆನೂ ಸದಸ್ಯನಾ?”

“ಮತ್ತೆ? ಮೀನ್ ರಾಶಿ ಹಾಕ್ವಾಗ ಎಳೆದವ್ರಿಗೆ ಒಂದೊಂದ್ ಪಾಲ್, ಬಲೆಗೂ ಒಂದ್. ಅದ್ರ ದುಡ್ಡಗೇ ನೂಲ್ ತಕಂಬುದ್. ಉಳ್ದದ್ದ್ ಹೆಣೆದವಂಗೆ,” ಎಂದ ಚಂದ್ರಣ್ಣ.

ಅಮಿತಾ ಲ್ಯಾಪ್‌ಟಾಪ್ ನೋಡಿದಳು. “ಆ್ಯಪ್ ಸದಸ್ಯರಿಗೆ ಮಾತ್ರ ಪಾಲ್ ಹಾಕ್ತ್. ಫೋನ್ ಇಲ್ದವ್ರ್ ಸದಸ್ಯರಲ್ಲ.”

ಶೇಖರಣ್ಣನ ಕೈ ನಿಂತಿತು. “ಹಂಗಾರೆ ನಂದ್?”

ಚಂದ್ರಣ್ಣ ಅಮಿತಾಳ ಕಡೆ ತಿರುಗಿ, “ಬಲೆ ತೆಗ್ದ್ ಶೇಖರನ ಹೆಸ್ರ್ ಹಾಕ್,” ಎಂದ.

“ಬ್ಯಾಡ.” ಶೇಖರಣ್ಣ ತಲೆ ಎತ್ತಲಿಲ್ಲ. “ಹಗ್ಗ ಮುಟ್ಟದವಂಗೆ ಆಳ್ ಪಾಲ್ ಎಂತಕ್ಕೆ? ಬಲೆದ್ದ್ ತಿಂತೆ, ಅದ್ ಕೆಲ್ಸದ್ದ್. ಧರ್ಮದ್ದ್ ಬ್ಯಾಡ.”

ಅಮಿತಾ ಮರಳಿನಲ್ಲೇ ಕೂತಳು. ಬಲೆಯ ಒಂದು ಕಣ್ಣಿಗೆ ಬೆರಳು ತೂರಿಸಿ ನೋಡಿದಳು. ಎಲ್ಲಿ ಹಳತು ಮುಗಿದು ಎಲ್ಲಿ ಹೊಸತು ಶುರುವಾಗಿದೆ ಎಂದು ತಿಳಿಯುವಂತಿರಲಿಲ್ಲ.

“ಶೇಖರಣ್ಣ, ಬಲೆಗೆ ಎಂತಾರೂ ಆದ್ರೆ ಹೇಳೂದ್ ಯಾರ್?”

“ನಾನೇ. ಅದ್ಕ್ ಬಾಯಿ ಎಲ್ಲಿತ್?”

“ಹಂಗಾರೆ ಬಲೆ ಹೆಸ್ರಿಗೆ ನಿಮ್ಮ ನಂಬರ್ ಕೊಡಿ. ಪಾಲ್ ಬಲೆದ್ದೇ. ಮಾತ್ ಮಾತ್ರ ನಿಮ್ದ್.”

ಶೇಖರಣ್ಣ ನೂಲು ಕೆಳಗಿಟ್ಟು ಫೋನ್ ತೆಗೆದ. ಆಮೇಲೆ ಅಂಕಿ ಒಂದೊಂದಾಗಿ ಹೇಳಿದ.

ಆ್ಯಪ್ ಹುಟ್ಟಿದ ವರ್ಷ ಕೇಳಿತು. ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ.

“ಬಲೆದ್ ನಡು ತುಂಡ್ ಹೋದ ಮಳೆಗಾಲದಗೆ ಹೆಣೆದದ್ದ್,” ಎಂದ ಚಂದ್ರಣ್ಣ. “ಶಾಲೆಗೆ ಕಳ್ಸುಕೂ ಪ್ರಾಯ ಆಯ್ಲಿಲ್ಲೆ!”

“ಸುಮ್ನಿರಾ. ಮೇಲಿನ ಹಗ್ಗ ನನ್ನ ಅಪ್ಪಯ್ಯ ಕಟ್ಟಿದ್ದ್. ನಾ ಬಾಲವಾಡಿಗೆ ಹೋಪ ಹೊತ್ತಿಗೆ. ಅದೇ ವರ್ಷ ಬರಿ.”

ಅಮಿತಾ ಅದನ್ನೇ ಬರೆದಳು. ಶೇಖರಣ್ಣನ ಫೋನಿಗೆ ಬಂದ ಅಂಕಿಗಳನ್ನು ಅವನು ಓದಿ ಹೇಳಿದ. ಅವಳು ಬಲೆಯ ಫೋಟೋ ತೆಗೆದು ಏರಿಸಿದಳು. ಮೂಲೆಯಲ್ಲಿ ಅವನ ಕೈಯೂ ಬಂತು, ಅವಳು ಕತ್ತರಿಸಲಿಲ್ಲ. ಸೈಟಿನಲ್ಲಿ ಚಂದ್ರಣ್ಣನ ಕೆಳಗೆ ದೊಡ್ಡಬಲೆ ಮತ್ತೆ ಬಂದು ಕೂತಿತು. ಆ್ಯಪ್‌ನ ಪಾಲಿನ ಪಟ್ಟಿಯಲ್ಲೂ ಹೆಸರಿತ್ತು.

ಅಷ್ಟರಲ್ಲಿ ದಡದ ಹತ್ತಿರ ಬೈಗೆ ಮೀನಿನ ಹಿಂಡು ಕಾಣಿಸಿತೆಂದು ಯಾರೋ ಕೂಗಿದರು. ಬಲೆ ಎಳೆಯುವ ಆಳುಗಳು ಎದ್ದರು. ಶೇಖರಣ್ಣ ಫೋನನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ಒತ್ತುತ್ತಿದ್ದ. ಎಲ್ಲರ ಜೇಬೂ ಒಟ್ಟಿಗೇ ಸದ್ದು ಮಾಡಿತು.

ದೊಡ್ಡಬಲೆ: ಎಡಬದಿ ಇನ್ನೂ ಹರ್ದಿತ್. ಸ್ವಲ್ಪ ತಡೀರಿ.

ಚಂದ್ರಣ್ಣ ಓದಿದ. ಎರಡು ಮಾರು ದೂರದಲ್ಲಿ ಕೂತವನನ್ನು ಕೂಗಿದ. “ಹ್ವಾಯ್ ಶೇಖರ, ಬಲೆ ಎಂತ ಹೇಳ್ತ್ ಕಂಡ್ಯಾ?”

“ಕಂಡೆ,” ಎಂದ ಶೇಖರಣ್ಣ, ನಗದೆ, ನೂಲು ಕಡಿಯುತ್ತ. “ಸದಸ್ಯರ್ ಹೇಳ್ರೆ ಕೇಳ್ಕ್ ಅಲ್ದಾ?”

ಆಳುಗಳು ಮತ್ತೆ ಕೂತರು.