ಗೆರೆಯಿಲ್ಲದ ಅಂಗೈ

ಕೂಕಟ್‌ಪಲ್ಲಿಯ ಈ ಶಾಲೆಯಲ್ಲಿ ನಾನು ಜವಾನ. ಇದನ್ನು ಕಟ್ಟಿದವರಲ್ಲಿ ನಾನೂ ಇದ್ದೆ, ನನ್ನ ಅಣ್ಣ ಲಿಂಗಣ್ಣನೂ ಇದ್ದ. ಆರು ವರ್ಷದ ಹಿಂದೆ, ಲ್ಯಾಬಿನ ನೆಲಕ್ಕೆ ಕಾಂಕ್ರೀಟ್ ಹಾಕಿದ ದಿನ, ಅವನು ಕಾಣೆಯಾದ. ಯಾವಳನ್ನೋ ಕಟ್ಟಿಕೊಂಡು ಓಡಿಹೋದ ಎಂದ ಗುತ್ತೇದಾರ. ಅವನ ಕೊರಳಪಟ್ಟಿ ಹಿಡಿದೆ. ಪೊಲೀಸರು ನನ್ನನ್ನೇ ಕೂಡಿಹಾಕಿದರು. ಅಣ್ಣನ ಹೆಂಡತಿ, ನನ್ನ ವೈನಿ ಸುವರ್ಣಾ, ಅಂದಿನಿಂದ ಬಳೆ ತೆಗೆಯಲೂ ಆಗದೆ, ತಲೆ ಎತ್ತಿ ತಿರುಗಲೂ ಆಗದೆ ಕೂತಿದ್ದಾಳೆ. ಅವನ ಸುದ್ದಿ ಸಿಕ್ಕೀತೆಂದೇ ನಾನು ಇಲ್ಲಿ ಕೆಲಸಕ್ಕೆ ಸೇರಿದ್ದು.

ಮೊನ್ನೆ ಅದೇ ಲ್ಯಾಬಿನಲ್ಲಿ ವಿಜ್ಞಾನದ ಉಮಾಶ್ರೀ ಮೇಡಂ ಎಂಟನೇ ತರಗತಿಗೆ ಬೆರಳಚ್ಚು ಹಿಡಿಯುವುದನ್ನು ಕಲಿಸಿದರು. ಪೆನ್ಸಿಲ್ ಸೀಸದ ಪುಡಿ, ಮೆತ್ತನೆಯ ಬ್ರಷ್ಷು, ಟೇಪು. ಮೊದಲು ಎಲ್ಲರ ಬೆರಳನ್ನೂ ಮಸಿಗೆ ಅದ್ದಿಸಿ ಹಾಳೆಗೆ ಒತ್ತಿಸಿದರು. ನೀರು ತಂದಿಟ್ಟ ನನ್ನನ್ನೂ ಬಿಡಲಿಲ್ಲ. ನನ್ನದು ಬರೀ ಕರಿ ಬೊಟ್ಟು.

"ಕಾಕಾ, ನಿಮಗ ಗೆರೀನೇ ಇಲ್ಲಲ್ರಿ. ಕಳ್ಳತನಕ್ಕ ಭಾಳ ಚಲೋ," ಎಂದಳು ಬೀದರಿನ ಹುಡುಗಿ ಸಪ್ನಾ.

"ಇಪ್ಪತ್ತು ವರ್ಷ ಸಿಮೆಂಟ್ ಕಲಸು, ನಿನ್ನವೂ ಹೋಗ್ತಾವ," ಎಂದೆ.

ಅವಳು ಸಿಂಕಿನ ಮೇಲಿನ ಬಿಳಿ ಟೈಲಿಗೆ ಪುಡಿ ಹಚ್ಚಿದಳು. ಒಂದು ಅಂಗೈ ಎದ್ದಿತು. ಅದಕ್ಕೂ ಗೆರೆಯಿಲ್ಲ.

"ಸಿಕ್ಕಬಿದ್ರಿ ಕಾಕಾ."

ಬೈಯಲು ಬಾಯಿ ತೆರೆದೆ. ಆ ಟೈಲನ್ನು ಬೆಳಿಗ್ಗೆ ತಾನೇ ಸೋಪು ಹಾಕಿ ತಿಕ್ಕಿದ್ದೆ. ಆಮೇಲೆ ಆ ಅಚ್ಚಿನ ಬೆರಳು ನೋಡಿದೆ. ಎಡಗೈ. ಉಂಗುರದ ಬೆರಳು ಅರ್ಧ. ಅಣ್ಣನ ಆ ಬೆರಳನ್ನು ಕಾಂಕ್ರೀಟ್ ಕಲಸುವ ಯಂತ್ರ ತಿಂದದ್ದು ನನ್ನ ಕಣ್ಣೆದುರಿಗೇ.

ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದೆ. "ಮತ್ತ ಹಚ್ಚವ್ವ."

ಅದೇ ಕೈ, ಒಂದು ಗೇಣು ಕೆಳಗೆ.

"ಯಾರೂ ಮುಟ್ಟಿಲ್ರಿ," ಎಂದರು ಮೇಡಂ. ಮಕ್ಕಳು ಒಂದು ಹೆಜ್ಜೆ ಹಿಂದೆ ಸರಿದರು.

ಮತ್ತೆ ಒರೆಸಿದೆ. ಮತ್ತೂ ಕೆಳಗೆ. ನಾಲ್ಕನೇ ಸಲ ಸಪ್ನಾಳ ಬ್ರಷ್ಷು ನೆಲದ ಟೈಲಿಗೆ ಬಂತು. ಅಲ್ಲಿ ಎರಡೂ ಅಂಗೈ, ಪಕ್ಕಪಕ್ಕ, ಒಳಗಿನಿಂದ ಬಾಗಿಲು ತಳ್ಳುವವನ ಹಾಗೆ.

ಮೇಡಂ ಮಕ್ಕಳನ್ನು ಹೊರಗೆ ಕಳಿಸಿದರು. "ಹುಸೇನಪ್ಪ, ಪೊಲೀಸರಿಗೆ ಹೇಳೂಣ್ರಿ."

"ಆರು ವರ್ಷದಿಂದ ಅವರಿಗೇ ಹೇಳಾಕತ್ತೀನ್ರಿ."

ವೈನಿಗೆ ಫೋನ್ ಮಾಡಿದೆ. "ಅಣ್ಣ ಓಡಿ ಹೋಗಿಲ್ಲ ವೈನಿ. ಇಲ್ಲೇ ಅದಾನ. ಶಾಲಿಗೆ ಬಾ."

"ಹಸದಿರ್ತಾರ. ರೊಟ್ಟಿ ಕಟ್ಕೊಂಡು ಬರ್ತೀನಿ," ಎಂದಳು.

ಹಾರೆ ತಂದು ಟೈಲಿನ ಮೇಲೆ ಹೊಡೆದೆ.

ನಾನು ಹೊಡೆದದ್ದು ಒಂದೇ ಏಟು. ಸದ್ದು ಎರಡು ಸಲ ಬಂತು, ಎರಡನೆಯದು ನೆಲದ ಕೆಳಗಿನಿಂದ.