ಚೌಡೇಶನ ಹಾಯಿದೋಣಿ

ಕಾಲು ಮುರಿದುಕೊಂಡು ಮಲಗಿದ್ದ ರುದ್ರಸ್ವಾಮಿಯನ್ನು ಸಂಭಾಳಿಸುವಷ್ಟರಲ್ಲಿ ಮನೆಯವರಿಗೆ ಸಾಕುಸಾಕಾಗಿತ್ತು. ಯಳಂದೂರಿನ ಪಕ್ಕದ ಹಳ್ಳಿಯಲ್ಲಿ ಗದ್ದೆ, ತೆಂಗು, ಹಿಪ್ಪುನೇರಳೆ ಎಲ್ಲ ಇದ್ದ ಆಸಾಮಿ. ನಾಲ್ಕು ಕಡೆ ಓಡಾಡಿ ನಾಲ್ಕು ಜನರನ್ನು ಗದರಿಸಿದರೇನೇ ಅವನಿಗೆ ಉಂಡದ್ದು ಅರಗುತ್ತಿದ್ದದ್ದು. ಈಗ ಮಂಚದ ಮೇಲಿಂದಲೇ ಹೆಂಡತಿ ಶಿವರತ್ನಮ್ಮನಿಗೆ ಒಗ್ಗರಣೆಗೆ ಸಾಸಿವೆ ಎಷ್ಟು ಹಾಕಬೇಕೆಂದು ಹೇಳಿಕೊಡತೊಡಗಿದ್ದ. ಹನೂರಿನಲ್ಲಿ ದನದ ಡಾಕ್ಟರಾಗಿದ್ದ ಮಗಳು ನಾಗಶ್ರೀ ತಾಯಿಯ ಪಾಡು ನೋಡಲಾರದೆ ಆನ್‌ಲೈನಿನಲ್ಲಿ ಒಂದು ಪೆಟ್ಟಿಗೆ ತರಿಸಿಕೊಟ್ಟಳು. ಒಳಗೆ ತೆಳ್ಳನೆಯ ಮರದ ಪಟ್ಟಿಗಳು, ಕಡ್ಡಿಗಳು, ದಾರ, ಒಂದು ತುಂಡು ಬಿಳಿ ಬಟ್ಟೆ. ಚಿತ್ರ ನೋಡಿಕೊಂಡು ಜೋಡಿಸಿದರೆ ಮೊಳದುದ್ದದ ಹಾಯಿದೋಣಿ. ಒಂದಕ್ಕೆ ಒಂದು ಉಚಿತವಂತೆ, ಹಾಗಾಗಿ ಎರಡು ಪೆಟ್ಟಿಗೆ ಬಂದಿದ್ದವು.

ಎರಡನೆಯದನ್ನು ರುದ್ರಸ್ವಾಮಿ ಕೊಳ್ಳೇಗಾಲದ ಚೌಡೇಶನಿಗೆ ಕಳುಹಿಸಿದ. ಚೌಡೇಶ ರೇಷ್ಮೆ ಸೀರೆ ನೇಯುವವನು. ಹೈಸ್ಕೂಲಿನಿಂದಲೂ ಇಬ್ಬರೂ ಜೊತೆಗಾರರು, ಅಂದಿನಿಂದಲೂ ಒಬ್ಬರನ್ನೊಬ್ಬರು ಕೆಣಕದೆ ಇದ್ದವರಲ್ಲ. ಪೆಟ್ಟಿಗೆ ತಲುಪಿದ ಕೂಡಲೇ ರುದ್ರಸ್ವಾಮಿಯ ಫೋನು ಬಂತು.

"ಲೇ ಚೌಡ, ನೂಲು ಬುಟ್ಟು ಒಸಿ ಮರ ಮುಟ್ಟಿ ನೋಡ್ಲಾ. ನಿನ್ ಕೈಲಾಗಲ್ಲ ಅಂತ ನಂಗೊತ್ತು."

"ನಿನ್ ಗದ್ದೆ ಬದೀಲೆ ಜಾರಿ ಬಿದ್ದೋನು ನಂಗೆ ಯೋಳ್ತೀಯಾ? ಮೊದ್ಲು ಎದ್ದು ನಡಿ. ಆಮೇಲೆ ಕೆರೇಲಿ ಬುಟ್ಟು ನೋಡವ, ಯಾರ್ ದೋಣಿ ಮುಂದೆ ಓಗದು ಅಂತ."

ಅಲ್ಲಿಗೆ ಪಂದ್ಯ ನಿಶ್ಚಯವಾಯಿತು.

ಚೌಡೇಶ ಮಗ್ಗದ ಪಕ್ಕದಲ್ಲೇ ಹಳೇ ಚಾಪೆ ಹಾಸಿ ಕುಳಿತ. ದೋಣಿಯ ತಳದ ಉದ್ದನೆಯ ಬೆನ್ನುಮರಕ್ಕೆ ಪಕ್ಕೆಲುಬಿನಂಥ ಕಡ್ಡಿಗಳನ್ನು ಅಂಟಿಸುವುದರಲ್ಲೇ ಅವನ ಹೆಬ್ಬೆರಳೂ ಅದಕ್ಕೆ ಅಂಟಿಕೊಂಡಿತು. ಹೆಂಡತಿ ರಂಗಮ್ಮ ಬಿಸಿನೀರು ಹಾಕಿ ಬಿಡಿಸಿದಳು. ಹೊರಮೈಗೆ ಹೊಡೆಯುವ ಪಟ್ಟಿಗಳನ್ನು ಆವಿಯಲ್ಲಿ ಬೇಯಿಸಿ ಬಗ್ಗಿಸಬೇಕೆಂದು ಚಿತ್ರದಲ್ಲಿತ್ತು. ಅವನು ಯಾರಿಗೂ ಹೇಳದೆ ಇಡ್ಲಿ ಪಾತ್ರೆ ಎತ್ತಿಕೊಂಡ. ಮರುದಿನ ತಿಂಡಿಗೆ ಕುಳಿತಾಗ ರಂಗಮ್ಮ ಮೂಗು ಮುರಿದಳು.

"ಇದ್ಯಾಕೆ ಇಡ್ಲಿ ಮರದ ಡಿಪೋ ವಾಸ್ನೆ ಒಡೀತಾ ಅದೆ?"

"ಅಕ್ಕಿ ಅಳೇದಿರ್ಬೇಕು," ಎಂದ ಚೌಡೇಶ, ತಲೆ ಎತ್ತದೆ.

ರಂಗಮ್ಮ ಎದ್ದು ಹೋಗಿ ಪಾತ್ರೆಯ ತಳದಿಂದ ಒಂದು ಪಟ್ಟಿ ಹಿಡಿದುಕೊಂಡು ಬಂದಳು. ಅಂದು ಅವನು ಉಳಿದ ಇಡ್ಲಿಯನ್ನೆಲ್ಲ ಒಬ್ಬನೇ ತಿನ್ನಬೇಕಾಯಿತು.

ಹಾಯಿಗೆಂದು ಕೊಟ್ಟಿದ್ದ ಬಟ್ಟೆ ಅವನಿಗೆ ಹಿಡಿಸಲಿಲ್ಲ. ಬರೀ ಗಂಜಿ, ಬಟ್ಟೆಯೇ ಅಲ್ಲವೆಂದು ಬೈದು, ತನ್ನ ಮಗ್ಗದಲ್ಲೇ ಉಳಿದಿದ್ದ ರೇಷ್ಮೆ ತುಂಡನ್ನು ಕತ್ತರಿಸಿ ಹಾಯಿ ಹೊಲಿದ. ಕೆಳಗೆ ಬೆರಳಗಲದ ಜರಿ ಅಂಚು. ದೋಣಿ ನೋಡಲು ಮದುವಣಗಿತ್ತಿಯಂತೆ ಕಾಣುತ್ತಿತ್ತು. ಆದರೆ ಹಿತ್ತಲ ತೊಟ್ಟಿಯಲ್ಲಿ ಬಿಟ್ಟರೆ ಒಂದು ಕಡೆ ವಾಲಿಕೊಂಡು ಸುಮ್ಮನೆ ಗಿರಗಿರ ಸುತ್ತುತ್ತಿತ್ತು. ತಳಕ್ಕೆ ಸೀಸ ಕಟ್ಟಿದ, ಹಾಯಿ ತಿರುಗಿಸಿ ಕಟ್ಟಿದ, ಚುಕ್ಕಾಣಿ ಕಿತ್ತು ಮತ್ತೆ ಅಂಟಿಸಿದ. ಅದು ಸುತ್ತುವ ದಿಕ್ಕು ಮಾತ್ರ ಬದಲಾಯಿತು.

ಅತ್ತ ರುದ್ರಸ್ವಾಮಿ ದಿನವೂ ಸಂಜೆ ಫೋನು ಮಾಡಿ, "ನನ್ದು ಬಾಣ ಕಣ್ಲಾ, ಬಾಣ!" ಎನ್ನುತ್ತಿದ್ದ.

"ನನ್ದೂ ಅಂಗೇಯಾ. ಇಡ್ಕಳಕೇ ಆಗಲ್ಲ," ಎನ್ನುತ್ತಿದ್ದ ಚೌಡೇಶ, ಸುತ್ತುವ ದೋಣಿಯನ್ನೇ ನೋಡುತ್ತ.

ಅವನು ಉಪಾಯವೊಂದನ್ನು ಕಂಡುಕೊಂಡ. ಬಣ್ಣ ಹಾಕದ ಹಸಿ ರೇಷ್ಮೆಯ ಎಳೆ ನೀರಿಗೆ ಬಿದ್ದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ದೋಣಿಯ ಮೂತಿಗೆ ಎಳೆ ಕಟ್ಟಿ, ಆಚೆ ದಡದ ಪೊದೆಯ ಹಿಂದೆ ರಂಗಮ್ಮ ನೂಲು ಸುತ್ತುವ ರಾಟೆ ಇಟ್ಟುಕೊಂಡು ಕುಳಿತರೆ? ಹೇಳಲು ಅಂಜುತ್ತಲೇ ಹೇಳಿದ. ರಂಗಮ್ಮ ಬೈಯುತ್ತಾಳೆಂದುಕೊಂಡಿದ್ದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಒಸ ಇಡ್ಲಿ ಪಾತ್ರೆ ಕೊಡ್ಸದಾದ್ರೆ ಬತ್ತೀನಿ."

ರುದ್ರಸ್ವಾಮಿಯ ಕಾಲು ನೆಟ್ಟಗಾದ ಮೇಲೆ ಒಂದು ಭಾನುವಾರ ಎಲ್ಲರೂ ಕೊಳ್ಳೇಗಾಲದ ಕೆರೆಗೆ ಬಂದರು. ಕೆರೆಯ ನೀರು ಕಿರಿದಾಗಿ ಒಳಚಾಚಿದ್ದ ಮೂಲೆಯೊಂದನ್ನು ಚೌಡೇಶ ಮೊದಲೇ ಆರಿಸಿಟ್ಟಿದ್ದ. ಬೆಳಿಗ್ಗೆಯೇ ಬಂದು, ಮೂಲೆಯನ್ನು ಸುತ್ತಿಕೊಂಡು ನಡೆದು ಈ ದಡದಿಂದ ಆ ದಡಕ್ಕೆ ಎಳೆಯನ್ನೂ ಹಾಸಿಟ್ಟಿದ್ದ. ರಂಗಮ್ಮ ಪೊದೆ ಸೇರಿದ್ದಳು. ಯಾರಾದರೂ ಕೇಳಿದರೆ ಮನೆಯಲ್ಲಿ ಮೈ ಹುಷಾರಿಲ್ಲದೆ ಮಲಗಿದ್ದಾಳೆ ಎಂದು ಹೇಳುವುದಾಗಿತ್ತು.

ಯಾರ ದೋಣಿ ಮೊದಲು ಮುಟ್ಟಿತೆಂದು ಹೇಳಲು ಶಿವರತ್ನಮ್ಮ ಆಚೆ ದಡಕ್ಕೆ ಹೊರಟಳು. ಚೌಡೇಶನಿಗೆ ತಡೆಯಲು ನೆಪ ಹೊಳೆಯಲಿಲ್ಲ.

ಶಿವರತ್ನಮ್ಮ ನೆರಳು ಹುಡುಕಿಕೊಂಡು ನೇರವಾಗಿ ಆ ಪೊದೆಯ ಹಿಂದಕ್ಕೇ ಬಂದಳು.

"ಅಯ್ಯೋ ರಂಗಮ್ಮ! ಉಸಾರಿಲ್ಲ ಅಂದ್ರಲ್ಲಾ?"

ರಂಗಮ್ಮ ರಾಟೆಯನ್ನೂ ಅವಳ ಮುಖವನ್ನೂ ನೋಡಿ ಎಲ್ಲವನ್ನೂ ಹೇಳಿಬಿಟ್ಟಳು. ಶಿವರತ್ನಮ್ಮ ಸಿಟ್ಟಾಗಲಿಲ್ಲ, ಪಕ್ಕದಲ್ಲೇ ಕುಕ್ಕರಿಸಿದಳು.

"ನಮ್ಮನೆಯೋರೇನ್ ಸಾಚಾನಾ? ಜಾತ್ರೇಲಿ ತಕಂಡಿದ್ದ ನನ್ ಬ್ಯಾಟ್ರಿ ಫ್ಯಾನು ಒಂದ್ ವಾರದಿಂದ ಕಾಣೆ. ಅವ್ರ ದೋಣಿ ಒಟ್ಟೇಲಿ ಯಾನೋ ಗುರ್ ಅಂತದೆ. ಸುತ್ತವ್ವ ಸುತ್ತು, ನಾನೂ ಒಸಿ ಸುತ್ತೀನಿ."

ಈಚೆ ದಡದಲ್ಲಿ ಇಬ್ಬರೂ ದೋಣಿ ಬಿಟ್ಟರು. ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಆದರೂ ಎರಡೂ ದೋಣಿಗಳು ಸರಾಗವಾಗಿ ಮುಂದೆ ಹೊರಟವು. ಗೆಳೆಯರಿಬ್ಬರೂ ಅದರಲ್ಲೇನೂ ವಿಶೇಷವಿಲ್ಲವೆಂಬಂತೆ ಕೈ ಕಟ್ಟಿ ನಿಂತರು.

"ಒಳ್ಳೆ ಗಾಳಿ," ಎಂದ ರುದ್ರಸ್ವಾಮಿ.

"ಬಲೇ ಗಾಳಿ," ಎಂದ ಚೌಡೇಶ.

ನಡುನೀರು ದಾಟುತ್ತಲೇ ರುದ್ರಸ್ವಾಮಿಯ ದೋಣಿ ಅಡ್ಡ ಬಂದು ಚೌಡೇಶನ ಎಳೆಯ ಮೇಲೆ ಹಾಯಿತು. ಅದರ ಹಿಂದೆ ನೀರಿನಡಿ ಇದ್ದ ಫ್ಯಾನಿನ ಪುಟ್ಟ ರೆಕ್ಕೆಗಳಿಗೆ ಎಳೆ ಸಿಕ್ಕಿತು. ಅತ್ತ ರಾಟೆ ಸುತ್ತುತ್ತಿತ್ತು, ಇತ್ತ ಫ್ಯಾನೂ ಸುತ್ತುತ್ತಿತ್ತು; ನೋಡನೋಡುತ್ತ ಜರಿಯಂಚಿನ ದೋಣಿ ಇನ್ನೊಂದರ ಬೆನ್ನಿಗೆ ಬಂದು ಅಂಟಿಕೊಂಡಿತು. ಎರಡೂ ಒಂದಾಗಿ, ಕುಡಿದವರಂತೆ ತೂರಾಡುತ್ತ ಆಚೆ ದಡ ಸೇರಿದವು. ರುದ್ರಸ್ವಾಮಿಯದು ಗೇಣಷ್ಟು ಮುಂದಿತ್ತು.

ಇಬ್ಬರೂ ಕೆರೆಯ ಮೂಲೆ ಸುತ್ತಿಕೊಂಡು ಏದುಸಿರು ಬಿಡುತ್ತ ಓಡಿಬಂದರು.

"ನನ್ದೇ ಮುಂದೆ! ನಾನೇ ಗೆದ್ದೆ!"

"ಎಳ್ದಿದ್ದು ನನ್ ದಾರ ಕಣ್ಲಾ!" ಎಂದು ಕೂಗಿದ ಮೇಲೆ ಚೌಡೇಶ ನಾಲಗೆ ಕಚ್ಚಿಕೊಂಡ.

"ದಾರ್ವಾ? ಯಾವ ದಾರ?"

"ಮತ್ತೆ ನಿನ್ ದೋಣಿ ಯಾನ್ಲಾ ಗುರ್ ಅಂತಾ ಅದೆ, ಬೆಕ್ ಸಾಕಿದ್ದೀಯಾ ಒಳಗೆ?"

ಪೊದೆಯ ಹಿಂದಿನಿಂದ ಕಿಸಕ್ಕನೆ ನಗು ಕೇಳಿಸಿತು. ಹೆಂಗಸರಿಬ್ಬರೂ ರಾಟೆಯ ಎರಡು ಪಕ್ಕದಲ್ಲಿ ಕುಳಿತು ಚುರುಮುರಿ ತಿನ್ನುತ್ತಿದ್ದರು.

ತೀರ್ಪು ಕೊಟ್ಟವಳು ರಂಗಮ್ಮ. "ಇಬ್ರೂ ಸೋತ್ರಿ. ಮಾದಪ್ಪನ ಬೆಟ್ಟಕ್ಕೆ ಇಬ್ರೂ ನಡ್ಕಂಡೋಗಿ ತಪ್ಪಾಯ್ತು ಅಂತ ಕೈ ಮುಗ್ದು ಬನ್ನಿ."

ಅಪೀಲಿಗೆ ಅವಕಾಶವಿರಲಿಲ್ಲ. ಮುಂದಿನ ವಾರ ಇಬ್ಬರೂ ಹೆಗಲಿಗೆ ಚೀಲ ಹಾಕಿಕೊಂಡು ಬರಿಗಾಲಲ್ಲಿ ಹೊರಟರು. ಹನೂರಿನ ತನಕ ಭಕ್ತಿಯಿಂದಲೇ ನಡೆದರು. ರಾತ್ರಿ ನಾಗಶ್ರೀಯ ಮನೆಯಲ್ಲಿ ಉಂಡು ಮಲಗಿ ಮತ್ತೆ ಹೊರಟಾಗ ಭಕ್ತಿ ಇಳಿಯುತ್ತ ಬಂತು. ರಾಮಾಪುರ ಮುಟ್ಟುವ ಹೊತ್ತಿಗೆ ರುದ್ರಸ್ವಾಮಿ ಹಳೇ ಕಾಲುನೋವಿನ ಮಾತೆತ್ತಿದ್ದ.

"ತಾಳಬೆಟ್ಟದಿಂದ ನಡುದ್ರೆ ಸಾಕು ಕಣ್ಲಾ. ಅಸ್ಲಿ ಬೆಟ್ಟ ಸುರುವಾಗದೇ ಅಲ್ಲಿಂದ."

"ಯಾರ್ಗೂ ಯೋಳ್ಬ್ಯಾಡ," ಎಂದು ಚೌಡೇಶ ಆಗಲೇ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದ.

ಬಸ್ಸು ಕಿಕ್ಕಿರಿದಿತ್ತು. ಒಳಕ್ಕೆ ನುಗ್ಗಿ ಕಂಬಿ ಹಿಡಿದು ನಿಂತು ಉಸಿರು ಬಿಡುವಷ್ಟರಲ್ಲಿ ಪಕ್ಕದ ಸೀಟಿನಿಂದ ಮಾತು ಬಂತು.

"ಪಾದಯಾತ್ರೆ ಬಸ್ಸು ಬಲೇ ರಶ್ಶು, ಅಲ್ವಾ ರಂಗಮ್ಮ?"

ಕಿಟಕಿಯ ಬಳಿ ರಂಗಮ್ಮ, ಅವಳ ಪಕ್ಕದಲ್ಲಿ ಶಿವರತ್ನಮ್ಮ. ಗಂಡಂದಿರಿಗಿಂತ ಮೊದಲು ಬೆಟ್ಟ ಸೇರಿ ಅಲ್ಲಿ ಕಾಯೋಣವೆಂದು ಹೊರಟವರು. ಕಂಡಕ್ಟರ್ ಬಂದಾಗ ರಂಗಮ್ಮ ಕೈ ತೋರಿಸಿದಳು.

"ನಮ್ದು ಫ್ರೀ ಟಿಕೆಟ್ ಆಯ್ತು ಸಾ. ಇವ್ರಿಬ್ರಿಗೆ ಮುಂದಿನ ಸ್ಟಾಪ್‌ಗೆ ಮಾತ್ರ ಕೊಡಿ. ಅಲ್ಲಿಳ್ದು ನಡೀತಾರೆ."

ಮುಂದಿನ ಸ್ಟಾಪಿನಲ್ಲಿ ಇಬ್ಬರೂ ತೆಪ್ಪಗೆ ಇಳಿದರು. ಬಸ್ಸು ಎಬ್ಬಿಸಿದ ಧೂಳು ಅಡಗುವ ತನಕ ಕೈಮುಗಿದುಕೊಂಡೇ ನಿಂತಿದ್ದರು. ಆಮೇಲೆ ರುದ್ರಸ್ವಾಮಿ ಮೆಲ್ಲಗೆ ಕೇಳಿದ.

"ಲೇ ಚೌಡ, ಇದ್ರ ಇಂದೆ ಇನ್ನೊಂದ್ ಬಸ್ ಅದಾ?"

ಚೌಡೇಶ ಆಗಲೇ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತು, ಬಂದ ದಾರಿಯನ್ನೇ ನೋಡುತ್ತಿದ್ದ.